ಚಾವಿ ಬಾಗಿಲ ಕಡೆಗೆ, ಹೀಟರು ನೆಲದ ಮೇಲೆ: ಹಳೆ ಪೋರ್ಷೆ 911ರ ಚಾಲಕನ ಸೀಟಿನಿಂದ

ಎಲ್ಲರಿಗೂ ನಮಸ್ಕಾರ.

ಹಳೆಯ ಪೋರ್ಷೆ 911ರಲ್ಲಿ ಮೊದಲ ಸಲ ಕೂತವರು ಸಾಮಾನ್ಯವಾಗಿ ಎರಡು ಪ್ರಶ್ನೆ ಕೇಳುತ್ತಾರೆ. ಚಾವಿ ಎಲ್ಲಿ ಹಾಕಬೇಕು? ಈ ಬಿಸಿಗಾಳಿ ನಿಲ್ಲಿಸುವುದು ಹೇಗೆ? ಮೊದಲನೆಯದಕ್ಕೆ ಒಂದೇ ಉತ್ತರ. ಎರಡನೆಯದಕ್ಕೆ ಮೂರು ನಾಲ್ಕು ಉತ್ತರಗಳಿವೆ. ಯಾವುದು ಸರಿ ಅನ್ನುವುದು ಗಾಡಿಯ ವರ್ಷವನ್ನೂ ಅದರ ಅಡಿಯಲ್ಲಿ ಹಿಡಿದಿರುವ ತುಕ್ಕನ್ನೂ ಅವಲಂಬಿಸಿದೆ. ಓಡುವಾಗ ಬೇಕಾದದ್ದೆಲ್ಲ ಕೈಗೆ ಕಾಲಿಗೆ ತಾನಾಗಿ ಸಿಗುತ್ತದೆ, ಮಿಕ್ಕದ್ದನ್ನೆಲ್ಲ ಹುಡುಕಬೇಕು. ಇಂಥ ಗಾಡಿಯನ್ನು ಜನ ಮುದ್ದು ಮಾಡುವುದಕ್ಕೂ ಬೈಯುವುದಕ್ಕೂ ಕಾರಣ ಒಂದೇ ಅಂತ ನಾನು ವಾದಿಸುತ್ತೇನೆ.

ಯಾವ 911 ಅಂತ ಮೊದಲು ಗೊತ್ತುಮಾಡಿಕೊಳ್ಳೋಣ. 1963ರ ಫ್ರಾಂಕ್‌ಫರ್ಟ್ ಮೋಟಾರ್ ಪ್ರದರ್ಶನದಲ್ಲಿ ಇದು ತೋರಿಸಿಕೊಂಡದ್ದು 901 ಎಂಬ ಹೆಸರಿನಲ್ಲಿ. ನಡುವೆ ಸೊನ್ನೆ ಇರುವ ಮೂರಂಕಿಯ ಹೆಸರು ನಮ್ಮದು ಎಂದು ಫ್ರಾನ್ಸಿನ ಪ್ಯೂಜೊ ಆಕ್ಷೇಪಿಸಿತು. 1964ರಲ್ಲಿ ಸೊನ್ನೆ ಹೋಗಿ ಒಂದು ಬಂತು. ಆಕಾರ ಕೊಟ್ಟವರು ಫರ್ಡಿನಾಂಡ್ ಅಲೆಕ್ಸಾಂಡರ್ ಪೋರ್ಷೆ. ಹಿಂಗಾಲಿಯ ಆಕ್ಸಲ್‌ಗಿಂತಲೂ ಹಿಂದೆ 1991 ಸಿಸಿಯ ಆರು ಸಿಲಿಂಡರಿನ ಚಪ್ಪಟೆ ಇಂಜಿನ್ನು, ಗಾಳಿಯಿಂದಲೇ ತಂಪು, 130 ಹಾರ್ಸ್‌ಪವರ್, ತೂಕ ಸುಮಾರು 1080 ಕೆ.ಜಿ. ನಾನು ಹೇಳುವುದರಲ್ಲಿ ಬಹುಪಾಲು 1964ರಿಂದ 1989ರವರೆಗಿನ ಗಾಡಿಗಳಿಗೆ ಹೊಂದುತ್ತದೆ. ಅದರಲ್ಲೂ ಇವತ್ತಿಗೂ ಹೆಚ್ಚು ಓಡಾಡುವ, ಹೆಚ್ಚು ಕೈ ಬದಲಾಗುವ ಎರಡಕ್ಕೆ: 1978ರಿಂದ 1983ರವರೆಗಿನ ಎಸ್‌ಸಿ, 1984ರಿಂದ 1989ರವರೆಗಿನ 3.2 ಕರೇರಾ. ಡ್ಯಾಶ್‌ಬೋರ್ಡಿನ ಮೂಲ ಆಕಾರ ಮಾತ್ರ 1998ರಲ್ಲಿ ಗಾಳಿ ತಂಪಿನ ಇಂಜಿನ್ನು ನಿಲ್ಲುವವರೆಗೂ ಹಾಗೇ ಉಳಿಯಿತು. ಮೂವತ್ತನಾಲ್ಕು ವರ್ಷ ಒಂದೇ ಡ್ಯಾಶ್‌ಬೋರ್ಡು. ಈ ಅಂಕಿಯನ್ನು ನೆನಪಿಟ್ಟುಕೊಳ್ಳಿ, ಮುಂದಿನ ಗೊಂದಲಗಳೆಲ್ಲ ಇಲ್ಲಿಂದಲೇ ಹುಟ್ಟುತ್ತವೆ.

ಸೀಟಿನಲ್ಲಿ ಕೂತು ಮುಂದೆ ನೋಡಿ. ಎಡಕ್ಕೊಂದು ಬಲಕ್ಕೊಂದು ಮಡ್‌ಗಾರ್ಡು ಬಾನೆಟ್ಟಿಗಿಂತ ಎತ್ತರಕ್ಕೆದ್ದು, ತುದಿಯಲ್ಲಿ ಹೆಡ್‌ಲೈಟು ಹೊತ್ತು ಕಾಣುತ್ತವೆ. ಎತ್ತಿನ ಗಾಡಿ ಹೊಡೆಯುವವನಿಗೆ ಎರಡು ಹಿಣಿಲುಗಳ ನಡುವೆ ದಾರಿ ಕಾಣುವ ಹಾಗೆ. ಗಾಡಿಯ ಮೂಲೆ ಎಲ್ಲಿ ಮುಗಿಯುತ್ತದೆ ಎಂದು ಊಹಿಸಬೇಕಾಗಿಲ್ಲ. ಮೊದಲ ಗಾಡಿಗಳ ಅಗಲ 1610 ಮಿ.ಮೀ., ಎಸ್‌ಸಿಯದು 1652. ಇವತ್ತಿನ ಮಾರುತಿ ಸ್ವಿಫ್ಟ್ 1735. ಗಾಜಿನ ಪಕ್ಕದ ಕಂಬಗಳು ತೆಳ್ಳಗಿವೆ, ಗಾಜು ಮುಖಕ್ಕೆ ಹತ್ತಿರ ಮತ್ತು ನೆಟ್ಟಗೆ ನಿಂತಿದೆ. ಕಿರಿದಾದ ರಸ್ತೆಯಲ್ಲಿ ಈ ಗಾಡಿ ಓಡಿಸುವ ಸುಖಕ್ಕೆ ಅರ್ಧ ಕಾರಣ ಇಂಜಿನ್ನಲ್ಲ, ಈ ನೋಟ. ಇದನ್ನು ಯಾರೂ ಪೋಸ್ಟರಿನಲ್ಲಿ ಹಾಕುವುದಿಲ್ಲ, ಆದರೆ ಅರ್ಧ ಗಂಟೆ ಓಡಿಸಿದವರು ಮೊದಲು ಹೇಳುವುದು ಇದನ್ನೇ.

ಇನ್ನು ಮೀಟರುಗಳು. ಒಂದರ ಪಕ್ಕಕ್ಕೊಂದು ಅಂಚು ತಾಗಿಸಿಕೊಂಡ ಐದು ದುಂಡು ಮೀಟರು. ನಟ್ಟನಡುವೆ, ಉಳಿದವಕ್ಕಿಂತ ದೊಡ್ಡದಾಗಿ ಕೂತಿರುವುದು ಟ್ಯಾಕೋಮೀಟರ್, ಅಂದರೆ ಇಂಜಿನ್ನು ನಿಮಿಷಕ್ಕೆ ಎಷ್ಟು ಸುತ್ತು ಹಾಕುತ್ತಿದೆ ಎಂದು ತೋರಿಸುವುದು. ಸ್ಪೀಡೋಮೀಟರಿಗೆ ಅದರ ಬಲಗಡೆ ಜಾಗ. ತುತ್ತತುದಿ ಬಲಕ್ಕೆ ಗಡಿಯಾರ. ಟ್ಯಾಕೋಮೀಟರಿನ ಎಡಕ್ಕೆ ಆಯಿಲ್ ಬಿಸಿ ಮತ್ತು ಆಯಿಲ್ ಪ್ರೆಶರ್ ಒಂದೇ ಡಬ್ಬಿಯಲ್ಲಿ. ತುತ್ತತುದಿ ಎಡಕ್ಕೆ ಪೆಟ್ರೋಲ್ ಮತ್ತು ಆಯಿಲ್ ಮಟ್ಟ. ಸ್ಟೇರಿಂಗಿನ ಬಳೆ ಎರಡು ತುದಿಯವನ್ನು ಮರೆಮಾಡುತ್ತದೆ. ಗಡಿಯಾರ ಮರೆಯಾದರೆ ಏನೂ ನಷ್ಟವಿಲ್ಲ. ಪೆಟ್ರೋಲ್ ಮೀಟರ್ ಮರೆಯಾಗುವುದು ಮಾತ್ರ ನಿಜವಾದ ಕೊರತೆ. 380 ಮಿ.ಮೀ.ಗಿಂತ ಚಿಕ್ಕ ಸ್ಟೇರಿಂಗ್ ಹಾಕಿಸಿಕೊಂಡವರಿಗೆ ನಡುವಿನ ಮೀಟರುಗಳಿಗೂ ಅಂಚು ಅಡ್ಡ ಬರುತ್ತದೆ. ಪವರ್ ಸ್ಟೇರಿಂಗ್ ಇಲ್ಲದ್ದರಿಂದ ಗಾಡಿ ನಿಲ್ಲಿಸುವಾಗ ತೋಳೂ ನೋಯುತ್ತದೆ.

ಈ ಐದರಲ್ಲಿ ಮೂರು ಮುಳ್ಳುಗಳು ಆಯಿಲ್‌ಗೇ ಮೀಸಲು. ನೀರಿಲ್ಲದ ಇಂಜಿನ್ನಿಗೆ ತಂಪು ಕೊಡುವುದು ಗಾಳಿ ಮತ್ತು ಆಯಿಲ್. ಎಸ್‌ಸಿ, ಕರೇರಾಗಳಲ್ಲಿ ಒಟ್ಟು 13 ಲೀಟರ್ ಆಯಿಲ್ ಇರುತ್ತದೆ, ಬದಲಾಯಿಸುವಾಗ ಇಳಿದು ಬರುವುದು ಸುಮಾರು 10. ಅದಿರುವುದು ಇಂಜಿನ್ನಿನ ಕೆಳಗಿನ ತಟ್ಟೆಯಲ್ಲಲ್ಲ, ಬಲ ಹಿಂಗಾಲಿಯ ಬಳಿ ಇರುವ ಬೇರೆ ಟ್ಯಾಂಕಿನಲ್ಲಿ. ಅದಕ್ಕೇ ಮಟ್ಟ ನೋಡುವ ಕ್ರಮವೂ ಬೇರೆ: ಗಾಡಿ ಸಮನೆಲದ ಮೇಲಿರಬೇಕು, ಆಯಿಲ್ 80-90 ಡಿಗ್ರಿಗೆ ಬಿಸಿಯಾಗಿರಬೇಕು, ಇಂಜಿನ್ನು ಐಡಲ್‌ನಲ್ಲಿ, ಅಂದರೆ ಆಕ್ಸಿಲರೇಟರ್ ಒತ್ತದೆ, ಓಡುತ್ತಿರಬೇಕು. ಆಗ ಮಾತ್ರ ಎಡತುದಿಯ ಮುಳ್ಳನ್ನೂ ಟ್ಯಾಂಕಿನ ಅಳತೆಕಡ್ಡಿ ಡಿಪ್‌ಸ್ಟಿಕ್ಕನ್ನೂ ನಂಬಬಹುದು. ಓಡುವಾಗ ಆಯಿಲ್ ಇಂಜಿನ್ನಿನೊಳಗೆ ಹಂಚಿಹೋಗಿರುವುದರಿಂದ ಮುಳ್ಳು ಸೊನ್ನೆಗೆ ಬೀಳುತ್ತದೆ. ಅದನ್ನು ನೋಡಿ ಗಾಬರಿಯಾಗಿ ಪಕ್ಕಕ್ಕೆ ನಿಲ್ಲಿಸಿ, ಇಂಜಿನ್ನು ಆಫ್ ಮಾಡಿ, ಡಿಪ್‌ಸ್ಟಿಕ್ಕಿನಲ್ಲೂ ಕಾಣದೆ ಎರಡು ಲೀಟರ್ ಸುರಿದವರ ಕತೆ ಹೊಸ ಮಾಲೀಕರೆಲ್ಲರ ಕತೆ. ಹೆಚ್ಚಾದ ಆಯಿಲ್ ಬ್ರೀದರ್ ಪೈಪಿನ ಮೂಲಕ ಏರ್ ಫಿಲ್ಟರಿಗೆ ನುಗ್ಗುತ್ತದೆ, ಹಿಂದೆ ಬಿಳಿ ಹೊಗೆಯ ಮೋಡ. ಸೇರಿಸುವುದಾದರೆ ಅರ್ಧರ್ಧ ಲೀಟರ್ ಹಾಕಿ, ಎರಡು ನಿಮಿಷ ಬಿಟ್ಟು, ಮತ್ತೆ ನೋಡಿ.

1972ರ ಮಾಡೆಲ್ಲಿನಲ್ಲಿ ಆಯಿಲ್ ಟ್ಯಾಂಕನ್ನು ಹಿಂಗಾಲಿಯ ಮುಂದಕ್ಕೆ ತಂದು, ಬಲಬಾಗಿಲ ಹಿಂದೆ ಹೊರಗಿನಿಂದಲೇ ತುಂಬುವ ಮುಚ್ಚಳ ಇಟ್ಟರು. ತೂಕ ಮುಂದಕ್ಕೆ ಸರಿಸುವ ಒಳ್ಳೆಯ ಯೋಚನೆ. ಪೆಟ್ರೋಲ್ ಬಂಕಿನವರು ಅದರೊಳಗೆ ಪೆಟ್ರೋಲ್ ಹಾಕಲು ಶುರುಮಾಡಿದರು. ಮರುವರ್ಷ ಮುಚ್ಚಳ ಮಾಯ.

ಪ್ರೆಶರ್ ಓದುವುದಕ್ಕೆ ಮೆಕ್ಯಾನಿಕ್‌ಗಳ ಲೆಕ್ಕ ಒಂದಿದೆ: ಇಂಜಿನ್ನು ಪೂರ್ತಿ ಬಿಸಿಯಾದ ಮೇಲೆ ಸಾವಿರ ಸುತ್ತಿಗೆ ಸುಮಾರು 0.7 ಬಾರ್. ಹಾಗೆಂದರೆ ನಾಲ್ಕು ಸಾವಿರದಲ್ಲಿ 2.8ರ ಆಸುಪಾಸು. ಬಿಸಿ ಐಡಲ್‌ನಲ್ಲಿ ಮುಳ್ಳು ಒಂದು ಬಾರ್‌ಗಿಂತ ಕೆಳಗೆ ಬಂದರೆ ಹೆದರಬೇಕಾಗಿಲ್ಲ, ರೇಸ್ ಕೊಟ್ಟಾಗ ಏಳದಿದ್ದರೆ ಹೆದರಬೇಕು. ಬಿಸಿಯ ಮುಳ್ಳು 90ರಿಂದ 110 ಡಿಗ್ರಿಯ ನಡುವೆ ಓಡಾಡುವುದು ಸಹಜ. 120 ದಾಟಿ ಏರುತ್ತಲೇ ಇದ್ದರೆ ನಿಧಾನಿಸಿ. ಇಂಜಿನ್ನು ಬಿಸಿಯಾದ ಮೇಲೆ ತೆರೆಯುವ ಥರ್ಮೋಸ್ಟಾಟ್ ಒಂದಿದೆ, ಅದು ಆಯಿಲನ್ನು ಬಲ ಮುಂದಿನ ಮಡ್‌ಗಾರ್ಡಿನೊಳಗಿರುವ ಕೂಲರಿಗೆ ಕಳಿಸುತ್ತದೆ. ಮುಳ್ಳು 100 ದಾಟಿದಾಗ ಆ ಕಡೆಯ ಪೈಪನ್ನು ಎಚ್ಚರದಿಂದ ಮುಟ್ಟಿ ನೋಡಿ. ತಣ್ಣಗಿದ್ದರೆ ಥರ್ಮೋಸ್ಟಾಟ್ ಅಂಟಿಕೊಂಡಿದೆ.

ಮೀಟರೇ ಸುಳ್ಳು ಹೇಳುತ್ತಿದೆಯೋ ಎಂದು ತಿಳಿಯುವುದು ಇನ್ನೂ ಮುಖ್ಯ, ಯಾಕೆಂದರೆ ಸುಳ್ಳು ಮೀಟರನ್ನು ನಂಬಿ ಇಂಜಿನ್ನು ಬಿಚ್ಚಿಸಿದವರಿದ್ದಾರೆ. ಹೆಡ್‌ಲೈಟ್ ಹಾಕಿದ ಕೂಡಲೇ ಬಿಸಿಯ ಮುಳ್ಳು ಹತ್ತು ಡಿಗ್ರಿ ಜಿಗಿದರೆ ಅದು ಅರ್ಥಿಂಗ್ ದೋಷ. ಮೀಟರಿನ ಹಿಂದಿನ ಕಂದು ವೈರನ್ನು ಬಾಡಿಗೆ ಕಚ್ಚಿಸಿರುವ ಜಾಗ ಉಜ್ಜಿ ಬಿಗಿಮಾಡಿ. ಪ್ರೆಶರ್ ಅಳೆದು ಮೀಟರಿಗೆ ತಿಳಿಸುವ, ವಿಡಿಓ ಕಂಪನಿಯ ಸೆಂಡರ್ ಸೊನ್ನೆ ಒತ್ತಡದಲ್ಲಿ 10 ಓಮ್, ಪೂರ್ತಿ ಒತ್ತಡದಲ್ಲಿ 184 ಓಮ್ ತೋರಿಸುತ್ತದೆ. ಆದ್ದರಿಂದ ವೈರು ತುಂಡಾದರೆ ಮುಳ್ಳು ಮೇಲಕ್ಕೆ ಹೋಗಿ ಅಂಟಿಕೊಳ್ಳುತ್ತದೆ, ವೈರು ಬಾಡಿಗೆ ತಾಗಿದರೆ ಸೊನ್ನೆಗೆ ಬೀಳುತ್ತದೆ. ಬಿಸಿಯ ಸೆಂಡರ್ ಇದಕ್ಕೆ ತದ್ವಿರುದ್ಧ: ಬಿಸಿಯಾದಷ್ಟೂ ಓಮ್ ಕಡಿಮೆ. ಅಲ್ಲಿ ತುಂಡಾದ ವೈರು ಅಂದರೆ ಮುಳ್ಳು ಏಳುವುದೇ ಇಲ್ಲ, ಬಾಡಿಗೆ ತಾಗಿದ ವೈರು ಅಂದರೆ ಇಂಜಿನ್ನು ಕುದಿಯುತ್ತಿದೆ ಎಂಬ ಹಾಗೆ ಪೂರ್ತಿ ಮೇಲೆ. ಮೀಟರ್ ತೆಗೆಯುವುದಕ್ಕೆ ಸ್ಕ್ರೂ ಇಲ್ಲ. ಸುತ್ತ ಇರುವ ರಬ್ಬರ್ ಬಳೆಯ ಹಿಡಿತದಲ್ಲಷ್ಟೇ ಕೂತಿರುತ್ತದೆ. ಅತ್ತಿತ್ತ ತಿರುಗಿಸುತ್ತ ಮೆಲ್ಲಗೆ ಎಳೆದರೆ ಕೈಗೇ ಬರುತ್ತದೆ. ಕೆಲವರು ಟ್ಯಾಕೋಮೀಟರನ್ನೇ ತಿರುಗಿಸಿ, ಕೆಂಪು ಗೆರೆ ಮೇಲ್ತುದಿಗೆ ಬರುವಂತೆ ಕೂರಿಸಿಕೊಳ್ಳುತ್ತಾರೆ. ಅಂಕಿಗಳು ಸೊಟ್ಟಗೆ ಕಾಣುತ್ತವೆ, ಆದರೆ ರೇಸ್ ಟ್ರ್ಯಾಕಿನಲ್ಲಿ ಯಾರೂ ಅಂಕಿ ಓದುವುದಿಲ್ಲ, ಮುಳ್ಳು ನೆಟ್ಟಗಾಯಿತೇ ಎಂದಷ್ಟೇ ನೋಡುತ್ತಾರೆ.

ಎಚ್ಚರಿಕೆಯ ದೀಪಗಳಲ್ಲಿ ಒಂದನ್ನು ಬಾಯಿಪಾಠ ಮಾಡಿಕೊಳ್ಳಿ. ಬ್ಯಾಟರಿ ಚಾರ್ಜಿನ ಕೆಂಪು ದೀಪ. ಬೇರೆ ಗಾಡಿಯಲ್ಲಿ ಅದು ಹತ್ತಿದರೆ ಮೆಲ್ಲಗೆ ಮನೆ ಸೇರಬಹುದು. 1989ರವರೆಗಿನ 911ರಲ್ಲಿ ಆಲ್ಟರ್ನೇಟರ್ ಇರುವುದು ತಂಪುಗಾಳಿಯ ಫ್ಯಾನಿನ ನಡುವೆಯೇ, ಎರಡನ್ನೂ ತಿರುಗಿಸುವುದು ಒಂದೇ ಬೆಲ್ಟು. ದೀಪ ಹತ್ತಿತು ಅಂದರೆ ಬೆಲ್ಟು ಹರಿದಿರಬಹುದು, ಫ್ಯಾನು ನಿಂತಿರಬಹುದು. ಆ ಕ್ಷಣವೇ ಇಂಜಿನ್ನು ಆಫ್. ಡಿಕ್ಕಿಯಲ್ಲಿ ಒಂದು ಹೊಸ ಬೆಲ್ಟೂ ಬಿಗಿಮಾಡುವ ಸ್ಪ್ಯಾನರೂ ಇರಲಿ. ಡಿಕ್ಕಿ ಮುಂದಿದೆ.

ಈಗ ಕಾಲಿನ ಕಡೆ. ಇವತ್ತಿನ ಗಾಡಿಗಳಲ್ಲಿ ಪೆಡಲ್ಲುಗಳು ಮೇಲಿನಿಂದ ಜೋತು ಬಿದ್ದಿರುತ್ತವೆ. 911ರಲ್ಲಿ ಕ್ಲಚ್ಚು, ಬ್ರೇಕು, ಆಕ್ಸಿಲರೇಟರ್ ಮೂರೂ ನೆಲಕ್ಕೆ ಕೀಲು ಹಾಕಿಕೊಂಡು ನಿಂತಿವೆ. ಕಂಪನಿ ನಾಟಕಗಳ ಲೆಗ್ ಹಾರ್ಮೋನಿಯಂ ನೋಡಿದವರಿಗೆ ಕೂಡಲೇ ಅರ್ಥವಾಗುತ್ತದೆ: ಹಿಮ್ಮಡಿ ನೆಲದಲ್ಲಿ, ಬೆರಳಬುಡದಿಂದ ಒತ್ತು. ಪೆಡಲ್ಲು ಕೆಳಗಿಳಿದ ಹಾಗೆ ಅದರ ತಲೆ ಪಾದದಿಂದ ದೂರಕ್ಕೆ ಬಾಗುತ್ತದೆ, ಪಾದವೂ ಜತೆಗೆ ತಿರುಗಬೇಕು. ಜೋತಾಡುವ ಪೆಡಲ್ಲಿನ ಅಭ್ಯಾಸದಲ್ಲಿ ಕಾಲನ್ನು ಎತ್ತಿ ತುಳಿದರೆ ಕ್ಲಚ್ಚು ಗಡಸು ಅನ್ನಿಸುತ್ತದೆ. ಹಿಮ್ಮಡಿ ಊರಿ ಒತ್ತಿದರೆ ಅದೇ ಕ್ಲಚ್ಚು ಹಗುರ. ದಪ್ಪ ಅಟ್ಟೆಯ ಶೂ ಬೇಡ. ಮುಂದಿನ ಚಕ್ರದ ಗೂಡು ಒಳಕ್ಕೆ ಬಂದಿರುವುದರಿಂದ ಪೆಡಲ್ಲುಗಳು ಗಾಡಿಯ ನಡುವಿನ ಕಡೆಗೆ ಸರಿದಿವೆ, ನಮ್ಮ ಕಡೆಯ ಬಲ ಸ್ಟೇರಿಂಗಿನ ಗಾಡಿಯಲ್ಲಾದರೆ ಎಡಕ್ಕೆ. ಸೊಂಟ ಸ್ವಲ್ಪ ಓರೆಯಾಗಿ ಕೂರುವುದು ಅನಿವಾರ್ಯ.

ಪೆಡಲ್ಲುಗಳ ಕೀಲಿನಲ್ಲಿ ಕಾರ್ಖಾನೆ ಹಾಕಿದ್ದು ಪ್ಲಾಸ್ಟಿಕ್ ಬುಷ್, ಅಂದರೆ ಶಾಫ್ಟನ್ನು ಹಿಡಿದಿಡುವ ಬಳೆ. ಮೂವತ್ತು ನಲವತ್ತು ವರ್ಷಕ್ಕೆ ಅದು ಪುಡಿಯಾಗುತ್ತದೆ. ಗುರುತು ಸುಲಭ: ಪೆಡಲ್ಲಿನ ತಲೆ ಹಿಡಿದು ಪಕ್ಕಕ್ಕೆ ಅಲ್ಲಾಡಿಸಿ. ಲಟಲಟ ಅಂದರೆ, ಇಲ್ಲವೇ ಒತ್ತುವಾಗ ಕೀರಲು ಸದ್ದು ಬಂದರೆ ಬುಷ್ ಹೋಗಿದೆ. ಕಾಲ ಕೆಳಗಿನ ರಬ್ಬರ್ ಹಾಸು ಮತ್ತು ಮರದ ಹಲಗೆ ತೆಗೆದು, ಕ್ಲಚ್ ಕೇಬಲ್ಲಿನ ಮತ್ತು ಬ್ರೇಕ್ ಪುಷ್‌ರಾಡಿನ ಕೊಂಡಿ ಬಿಡಿಸಿ, ಇಡೀ ಜೋಡಣೆಯನ್ನು ಹೊರತೆಗೆದು ಕಂಚಿನ ಬುಷ್ ಹಾಕಿದರೆ ಮತ್ತೆ ನೋಡಬೇಕಾಗಿಲ್ಲ. ಗ್ರೀಸ್ ಮಾತ್ರ ಮರೆಯಬಾರದು, ಒಣ ಕಂಚು ಶಾಫ್ಟನ್ನೇ ತಿನ್ನುತ್ತದೆ. ಬಿಚ್ಚಿದಾಗಲೇ ಕ್ಲಚ್ ಶಾಫ್ಟಿನ ರೋಲ್ ಪಿನ್ ಬದಲಿಸಿ. ಕೆಲವು ರೂಪಾಯಿಯ ಆ ಪಿನ್ ಸವೆದರೆ ಪೆಡಲ್ಲು ಪೂರ್ತಿ ಹೋದರೂ ಕ್ಲಚ್ಚು ಪೂರ್ತಿ ಬಿಡುವುದಿಲ್ಲ. ಜನ ಗೇರ್‌ಬಾಕ್ಸ್ ಕೆಟ್ಟಿತು ಅಂದುಕೊಳ್ಳುತ್ತಾರೆ.

ಗೇರುಗಳ ವಿಷಯಕ್ಕೆ ಬಂದರೆ ಮೂರು ಯುಗ. 1971ರವರೆಗೆ 901 ಗೇರ್‌ಬಾಕ್ಸು, ಅದರಲ್ಲಿ ಒಂದನೇ ಗೇರು ಎಡಕ್ಕೆ ಎಳೆದು ಹಿಂದಕ್ಕೆ, ರಿವರ್ಸು ಅದರ ಮುಂದೆ. 1972ರಿಂದ 1986ರವರೆಗೆ 915, ಒಂದು ಎಡಮುಂದಕ್ಕೆ, ರಿವರ್ಸು ಬಲಹಿಂದಕ್ಕೆ. 1987ರಿಂದ ಜಿ50, ರಿವರ್ಸು ಒಂದಕ್ಕಿಂತಲೂ ಎಡಕ್ಕೆ ಹೋಗಿ ಮುಂದಕ್ಕೆ, ಕ್ಲಚ್ಚಿಗೆ ಕೇಬಲ್ ಬದಲು ಹೈಡ್ರಾಲಿಕ್. ಒಂದು 911ರಿಂದ ಇನ್ನೊಂದಕ್ಕೆ ಹಾರುವವರು ಮೊದಲ ಹತ್ತು ನಿಮಿಷ ಇದನ್ನು ಬಾಯಲ್ಲಿ ಹೇಳಿಕೊಳ್ಳುವುದು ಒಳ್ಳೆಯದು.

915ರ ಬಗ್ಗೆ ದೂರು ಹೆಚ್ಚು. ಅದು ಕೆಟ್ಟದ್ದಲ್ಲ, ಅವಸರ ಸಹಿಸುವುದಿಲ್ಲ ಅಷ್ಟೆ. ಗೇರು ಕೂಡುವ ಮುಂಚೆ ಹಲ್ಲುಗಾಲಿಗಳ ವೇಗ ಸಮ ಮಾಡುವ ಅದರ ಸಿಂಕ್ರೋ ಪೋರ್ಷೆಯದೇ ಹಳೆಯ ಮಾದರಿ. ಲಿವರನ್ನು ನ್ಯೂಟ್ರಲ್‌ನಲ್ಲಿ ಅರೆಗಳಿಗೆ ನಿಲ್ಲಿಸಿ, ಎರಡು ಬೆರಳಿನ ಬಲದಲ್ಲಿ ಒತ್ತಿ ಹಿಡಿದರೆ ತಾನೇ ಒಳಗೆಳೆದುಕೊಳ್ಳುತ್ತದೆ. ತಳ್ಳಿದರೆ ಕರ್ ಅನ್ನುತ್ತದೆ. ಬೆಳಗಿನ ಚಳಿಯಲ್ಲಿ ಎರಡನೇ ಗೇರು ಒಪ್ಪದಿದ್ದರೆ ಆಯಿಲ್ ಬಿಸಿಯಾಗುವ ತನಕ ಕಾಯಿರಿ. ನಿಂತ ಗಾಡಿಯಲ್ಲಿ ಒಂದಕ್ಕೆ ಹಾಕುವ ಮುಂಚೆ ಒಮ್ಮೆ ಎರಡಕ್ಕೆ ಮುಟ್ಟಿಸಿ, ಆಮೇಲೆ ಒಂದು. ಲಿವರು ಗಂಜಿಯಲ್ಲಿ ಸೌಟು ಆಡಿಸಿದ ಹಾಗಿದ್ದರೆ ಗೇರ್‌ಬಾಕ್ಸನ್ನು ಬೈಯುವ ಮೊದಲು ಎರಡು ಜಾಗ ನೋಡಿ: ಲಿವರಿನ ಬುಡದ ಪ್ಲಾಸ್ಟಿಕ್ ಬಟ್ಟಲು, ಮತ್ತು ಹಿಂದಿನ ಚಿಕ್ಕ ಸೀಟುಗಳ ನಡುವೆ ಕಾರ್ಪೆಟ್ಟಿನ ಕೆಳಗೆ ಮುಚ್ಚಳದಡಿ, ಲಿವರಿನ ಶಾಫ್ಟನ್ನು ಗೇರ್‌ಬಾಕ್ಸಿಗೆ ಜೋಡಿಸುವ ಕಪ್ಲರಿನ ಎರಡು ಬುಷ್. ನೂರಕ್ಕೆ ಎಂಬತ್ತು ಸಲ ತಪ್ಪು ಅಲ್ಲೇ ಎಂದು ಲೆಕ್ಕ ಹಾಕಿದವರಿಲ್ಲ, ಆದರೆ ಅಲ್ಲಿಂದ ಶುರುಮಾಡದ ಮೆಕ್ಯಾನಿಕ್ಕನ್ನು ನಾನು ನಂಬುವುದಿಲ್ಲ. ಕಪ್ಲರ್ ಬಿಚ್ಚುವ ಮೊದಲು ಶಾಫ್ಟಿನ ಮೇಲೆ ಗೀಟು ಹಾಕಿಕೊಳ್ಳಿ. ಅಲ್ಲಿ ಕೂದಲೆಳೆಯಷ್ಟು ತಿರುಗಿದರೂ ಲಿವರಿನಲ್ಲಿ ಒಂದು ಗೇರೇ ಸಿಗದಂತಾಗುತ್ತದೆ. ಲಿವರಿನ ಓಡಾಟ ಗಿಡ್ಡ ಮಾಡುವ ಕಿಟ್‌ಗಳು ಮಾರುಕಟ್ಟೆಯಲ್ಲಿ ಬೇಕಾದಷ್ಟಿವೆ. 915ಕ್ಕೆ ಬೇಡ. ಓಡಾಟ ಗಿಡ್ಡವಾದರೆ ಸಿಂಕ್ರೋಗೆ ಸಿಗುವ ಸಮಯವೂ ಗಿಡ್ಡವಾಗುತ್ತದೆ.

ಚಾವಿಗೆ ಬರೋಣ. ಎಡ ಸ್ಟೇರಿಂಗಿನ ಗಾಡಿಯಲ್ಲಿ ಅದು ಸ್ಟೇರಿಂಗಿನ ಎಡಕ್ಕೆ. ಇದಕ್ಕೆ ಎಲ್ಲರೂ ಹೇಳುವ ಕತೆ ಫ್ರಾನ್ಸಿನ 24 ಗಂಟೆಯ ಲೆ ಮಾನ್ ರೇಸಿನದು: ಚಾಲಕರು ರಸ್ತೆಯ ಆಚೆಯಿಂದ ಓಡಿ ಬಂದು, ಎಡಗೈಯಲ್ಲಿ ಚಾವಿ ತಿರುಗಿಸುತ್ತ ಬಲಗೈಯಲ್ಲಿ ಗೇರು ಹಾಕಿ ಹೊರಡಬೇಕಿತ್ತು. ವೈರಿನ ಉದ್ದ ಉಳಿಸಲು ಹಾಗಿಟ್ಟರು ಎನ್ನುವವರೂ ಇದ್ದಾರೆ. ಓಟದ ಸ್ಟಾರ್ಟು 1969ಕ್ಕೇ ಕೊನೆಯಾಯಿತು. ಬೆಲ್ಟು ಕಟ್ಟಿಕೊಳ್ಳದೆ ಹೊರಡುವುದನ್ನು ಪ್ರತಿಭಟಿಸಿ ಆ ವರ್ಷ ಜಾಕಿ ಇಕ್ಸ್ ಓಡದೆ ನಡೆದುಕೊಂಡು ಹೋಗಿ ಗಾಡಿ ಹತ್ತಿದರು, ಬೆಲ್ಟು ಕಟ್ಟಿ ಕೊನೆಯವರಾಗಿ ಹೊರಟರು, ರೇಸನ್ನೂ ಗೆದ್ದರು. ಅವರು ಓಡಿಸಿದ್ದು ಪೋರ್ಷೆಯಲ್ಲ, ಫೋರ್ಡ್ ಜಿಟಿ40. ಚಾವಿಯಂತೂ ಇದ್ದಲ್ಲೇ ಉಳಿಯಿತು. ಬಲ ಸ್ಟೇರಿಂಗಿನ 911ರಲ್ಲಿ ಇದು ಕನ್ನಡಿಯಲ್ಲಿ ನೋಡಿದ ಹಾಗೆ: ಚಾವಿ ಬಲಕ್ಕೆ, ಗೇರಿಗೆ ಎಡಗೈ. ಆದ್ದರಿಂದ ‘ಎಡಕ್ಕೆ’ ಅನ್ನುವುದಕ್ಕಿಂತ ‘ಬಾಗಿಲ ಕಡೆಗೆ’ ಅನ್ನುವುದೇ ಸರಿ.

ಇಷ್ಟು ಹೊತ್ತು ಹೇಳಿದ್ದೆಲ್ಲ 1964ರಲ್ಲೇ ಸರಿಯಾಗಿದ್ದ ವಿಷಯ. ಕಷ್ಟ ಇರುವುದು ಆಮೇಲೆ ಬಂದು ಸೇರಿದವುಗಳಲ್ಲಿ. ಹಳೆ ತೊಟ್ಟಿಮನೆಗೆ ತಲೆಮಾರಿಗೊಂದು ಸೌಕರ್ಯ ಬಂದಾಗ ಮೋಟಾರಿನ ಸ್ವಿಚ್ಚು ಕೊಟ್ಟಿಗೆ ಗೋಡೆಯ ಮೇಲೂ ಗೀಸರಿನದು ನಡುಮನೆಯಲ್ಲೂ ಕೂರುತ್ತದಲ್ಲ, ಹಾಗೆ. ಹಿಂಗಾಜಿನ ಹೀಟರು, ಹಿಂಬದಿ ವೈಪರು, ಫಾಗ್ ಲೈಟು, ಸನ್‌ರೂಫು, ಎ.ಸಿ. ಒಂದೊಂದೂ ಬಂದಾಗ ಡ್ಯಾಶ್‌ಬೋರ್ಡಿನಲ್ಲಿ ಖಾಲಿ ಇದ್ದ ತೂತಿಗೆ ಹೋಗಿ ಕೂತವು. ಹೆಡ್‌ಲೈಟಿನದು ಎಳೆಯುವ ಗುಂಡಿ, ಅದನ್ನೇ ತಿರುಗಿಸಿದರೆ ಮೀಟರಿನ ಬೆಳಕು ಹೆಚ್ಚುಕಡಿಮೆ. ಮೀಟರ್ ದೀಪ ಸತ್ತಿದೆ ಎಂದು ಬಲ್ಬು ಹುಡುಕುವ ಮೊದಲು ಗುಂಡಿ ತಿರುಗಿಸಿ ನೋಡಿ.

ಆ ಹೆಡ್‌ಲೈಟ್ ಸ್ವಿಚ್ಚಿನಲ್ಲಿ ಇನ್ನೊಂದು ಹಳೆಗಾಲದ ಗುಣವಿದೆ. ಬಲ್ಬಿನ ಕರೆಂಟು ರಿಲೇ (ಸಣ್ಣ ಕರೆಂಟಿನಿಂದ ದೊಡ್ಡದನ್ನು ಹಾಯಿಸುವ ಸ್ವಿಚ್ಚು) ಇಲ್ಲದೆ ನೇರ ಸ್ವಿಚ್ಚು ಮತ್ತು ಡಿಪ್ ಕಡ್ಡಿಯ ಮೂಲಕವೇ ಹಾಯುತ್ತದೆ. 55 ವಾಟಿನ ಎರಡು ಬಲ್ಬಿಗೆ ಸುಮಾರು 9 ಆಂಪಿಯರ್, ತಡೆದುಕೊಳ್ಳುತ್ತದೆ. ಬೆಳಕು ಸಾಲದೆಂದು 100 ವಾಟಿನವು ಹಾಕಿದರೆ ಸುಮಾರು 17 ಆಂಪಿಯರ್. ಒಳಗಿನ ಪ್ಲಾಸ್ಟಿಕ್ ಕರಗಲು ಅಷ್ಟು ಸಾಕು. ಎರಡು ರಿಲೇ ಹಾಕಿ, ಬ್ಯಾಟರಿಯಿಂದ ಫ್ಯೂಸಿನ ಮೂಲಕ ಹೊಸ ವೈರು ಎಳೆದರೆ 55 ವಾಟಿನ ಬಲ್ಬೇ ಹೆಚ್ಚು ಬೆಳಗುತ್ತದೆ, ಹಳೆ ವೈರಿನಲ್ಲಿ ಸೋರಿಹೋಗುತ್ತಿದ್ದ ವೋಲ್ಟೇಜು ಬಲ್ಬಿಗೆ ಸಿಗುವುದರಿಂದ. ಯಾವುದಾದರೂ ಸ್ವಿಚ್ಚು ಒಂದು ದಿನ ಕೆಲಸ ಮಾಡಿ ಮರುದಿನ ಮುನಿಸಿಕೊಂಡರೆ ಮುಂದಿನ ಡಿಕ್ಕಿಯಲ್ಲಿರುವ ಫ್ಯೂಸಿನ ಸಾಲಿನ ಮೇಲೆ ಬೆರಳಾಡಿಸಿ, ಒಂದೊಂದನ್ನೂ ಇದ್ದಲ್ಲೇ ಅರ್ಧ ಸುತ್ತು ತಿರುಗಿಸಿ. ತುದಿ ಚೂಪಾದ ಹಳೆ ಮಾದರಿಯ ಫ್ಯೂಸುಗಳವು, ಕಿಲುಬು ಹಿಡಿಯುತ್ತವೆ.

ಹೀಟರಿನದು ದೊಡ್ಡ ಕತೆ. ನೀರಿಲ್ಲದ ಗಾಡಿಯಲ್ಲಿ ಬಿಸಿನೀರಿನ ಹೀಟರ್ ಸಾಧ್ಯವಿಲ್ಲ. ಎಕ್ಸಾಸ್ಟ್ ಪೈಪಿನ ಸುತ್ತ ಒಂದು ತಗಡಿನ ಅಂಗಿ, ಅದಕ್ಕೆ ಹೀಟ್ ಎಕ್ಸ್‌ಚೇಂಜರ್ ಎಂದು ಹೆಸರು. ಇಂಜಿನ್ನಿನ ಫ್ಯಾನು ಊದುವ ಗಾಳಿ ಆ ಅಂಗಿಯೊಳಗೆ ಹಾದು ಬಿಸಿಯಾಗಿ, ಎರಡು ಪಕ್ಕದ ಹೊಸಿಲಿನ ಕೊಳವೆಗಳಲ್ಲಿ ಮುಂದಕ್ಕೆ ಬರುತ್ತದೆ. ಎಷ್ಟು ಬರಬೇಕು ಅನ್ನುವುದನ್ನು ನಿಯಂತ್ರಿಸುವುದು ಹ್ಯಾಂಡ್‌ಬ್ರೇಕಿನ ಬಳಿ, ನೆಲದ ಮೇಲೆ. ಹಳೆಯವುಗಳಲ್ಲಿ ಕೆಂಪು ಹಿಡಿಯ ಲಿವರ್, ಆಮೇಲಿನವುಗಳಲ್ಲಿ ತಿರುಗುವ ಗುಂಡಿಯ ಆಟೋಮ್ಯಾಟಿಕ್ಕು. ಬಂದ ಗಾಳಿ ಗಾಜಿಗೋ ಕಾಲಿಗೋ ಎಂದು ತೀರ್ಮಾನಿಸುವ ಸ್ಲೈಡರುಗಳು ಡ್ಯಾಶ್‌ಬೋರ್ಡಿನ ನಡುವೆ. ಹೊರಗಿನ ತಣ್ಣಗಾಳಿಗೂ ಅಲ್ಲೇ. ಎ.ಸಿ.ಯದು ಬೇರೆಯೇ ಗುಂಡಿ. ಒಟ್ಟಿನಲ್ಲಿ ಗಾಳಿ ಒಂದೇ, ಅಧಿಕಾರಿಗಳು ನಾಲ್ಕು ಜನ. ಇನ್ನೂ ಒಂದು ತಮಾಷೆ: ಬಿಸಿ ಇಂಜಿನ್ನಿನ ವೇಗಕ್ಕೆ ಕಟ್ಟಿದೆ. ರೇಸ್ ಕೊಟ್ಟರೆ ಬೆಂಕಿ, ಸಿಗ್ನಲ್ಲಿನಲ್ಲಿ ನಿಂತರೆ ಉಗುರುಬೆಚ್ಚಗೆ.

ನಮ್ಮಂಥ ಸೆಕೆಯ ಊರುಗಳಲ್ಲಿ ಇದು ತಲೆಕೆಳಗಾದ ಸಮಸ್ಯೆ: ಹೀಟರು ನಿಲ್ಲುವುದಿಲ್ಲ. ಲಿವರು ಮುಚ್ಚಿದ್ದರೂ ಗಾಡಿಯ ಅಡಿಯಲ್ಲಿ, ಹಿಂಗಾಲಿಗಳ ಮುಂದೆ ಎರಡು ಕಡೆ ಇರುವ ಫ್ಲ್ಯಾಪ್ ಪೆಟ್ಟಿಗೆಗಳ ಬಾಯಿ ತುಕ್ಕು ಹಿಡಿದು ಅರ್ಧ ತೆರೆದೇ ಇರುತ್ತದೆ. ಇಂಜಿನ್ನು ತಣ್ಣಗಿರುವಾಗ ಗಾಡಿಯನ್ನು ರ‍್ಯಾಂಪಿಗೆ ಏರಿಸಿ. ಒಬ್ಬರು ಲಿವರ್ ಆಡಿಸಲಿ, ಇನ್ನೊಬ್ಬರು ಕೆಳಗಿಂದ ನೋಡಲಿ. ಎರಡೂ ತೋಳು ಒಂದು ತುದಿಯಿಂದ ಇನ್ನೊಂದಕ್ಕೆ ಹೋಗಿ ವಾಪಸು ಬರಬೇಕು. ಹೋಗಿ ವಾಪಸು ಬರದ್ದಕ್ಕೆ ತುಕ್ಕು ಬಿಡಿಸುವ ಎಣ್ಣೆ ಹಾಕಿ ರಾತ್ರಿ ಬಿಡಿ. ಮಿಸುಕದಿದ್ದರೆ ಕೇಬಲ್ ನೋಡಿ, ಎಳೆಗಳು ಬಿಚ್ಚಿ ಕೊಳವೆಯಲ್ಲಿ ಸಿಕ್ಕಿಕೊಂಡಿರುತ್ತವೆ. ಒಳಗೆ ಸುಟ್ಟ ಎಣ್ಣೆಯ ವಾಸನೆ ಬಂದರೆ ಇಂಜಿನ್ನಿನಿಂದ ಆಯಿಲ್ ತೊಟ್ಟಿಕ್ಕಿ ಎಕ್ಸ್‌ಚೇಂಜರಿನ ಮೇಲೆ ಬೀಳುತ್ತಿದೆ, ಅಸಹ್ಯ ಆದರೆ ಅಪಾಯ ಕಡಿಮೆ. ಹೊಗೆಯ ವಾಸನೆ ಬಂದರೆ, ಅಥವಾ ಹೀಟರ್ ಹಾಕಿದಾಗಲೆಲ್ಲ ತಲೆನೋವು ಬಂದರೆ, ಒಳಪೈಪು ತೂತಾಗಿರಬಹುದು. ಕಾರ್ಬನ್ ಮಾನಾಕ್ಸೈಡಿಗೆ ವಾಸನೆಯೇ ಇಲ್ಲ. ಸರಿಮಾಡುವವರೆಗೆ ಹೀಟರ್ ಮುಟ್ಟಬೇಡಿ, ಕಿಟಕಿ ತೆರೆದಿರಲಿ.

ಎ.ಸಿ.ಯ ಬಗ್ಗೆ ಚುಟುಕಾಗಿ ಹೇಳಿ ಮುಗಿಸುತ್ತೇನೆ, ಅದಕ್ಕಿರುವ ಶಕ್ತಿಯೂ ಚುಟುಕೇ. ಕಂಪ್ರೆಸರ್ ಹಿಂದೆ, ತಂಪು ಮಾಡುವ ಸುರುಳಿ ಮುಂದೆ, ಬಿಸಿ ಹೊರಹಾಕುವ ಕಂಡೆನ್ಸರ್ ಮೂತಿಯ ಕೆಳಗೊಂದು, ಇಂಜಿನ್ನಿನ ಮುಚ್ಚಳದ ಮೇಲೊಂದು. ನಡುವೆ ಮೀಟರುಗಟ್ಟಲೆ ಹಳೆ ಹೋಸು, ಅದರ ಮೈಯಿಂದಲೇ ಗ್ಯಾಸು ಜಿನುಗುತ್ತದೆ. ಮುಚ್ಚಳದ ಮೇಲಿನ ಕಂಡೆನ್ಸರಿನ ಬಿಸಿಗಾಳಿಯನ್ನು ಇಂಜಿನ್ನಿನ ಫ್ಯಾನು ಎಳೆದುಕೊಳ್ಳುತ್ತದೆ. ಬೆಂಗಳೂರಿನ ಟ್ರಾಫಿಕ್ಕಿನಲ್ಲಿ ಇದು ಒಳಗಿರುವವರಿಗೂ ಇಂಜಿನ್ನಿಗೂ ಒಟ್ಟಿಗೇ ಶಿಕ್ಷೆ. ಗ್ಯಾಸ್ ತುಂಬಿಸುವ ಮೊದಲು ಹೋಸು ಬದಲಿಸಿ.

ಇದನ್ನೆಲ್ಲ ಪೋರ್ಷೆಯವರು ಸರಿಮಾಡಲಿಲ್ಲವೇ? ಮಾಡಿದರು, ಬೇರೆ ಗಾಡಿಯಲ್ಲಿ. 1977ರಲ್ಲಿ 928 ಬಂತು. ಮುಂದೆ ನೀರು ತಂಪಿನ ವಿ8 ಇಂಜಿನ್ನು, ಹಿಂದೆ ಗೇರ್‌ಬಾಕ್ಸು, ಸ್ಟೇರಿಂಗ್ ಮೇಲೆ ಕೆಳಗೆ ಮಾಡಿದರೆ ಮೀಟರುಗಳ ಇಡೀ ಗೂಡೇ ಜತೆಗೆ ಬಾಗುತ್ತದೆ. ಅಂದರೆ ಯಾವ ಮೀಟರೂ ಯಾವತ್ತೂ ಮರೆಯಾಗುವುದಿಲ್ಲ. 1978ರ ಯುರೋಪಿಯನ್ ಕಾರ್ ಆಫ್ ದಿ ಇಯರ್ ಪ್ರಶಸ್ತಿಯೂ ಅದಕ್ಕೇ. ಇದು 911ರ ಜಾಗ ತುಂಬಬೇಕೆಂಬುದು ಆಗಿನ ಮುಖ್ಯಸ್ಥ ಅರ್ನ್ಸ್ಟ್ ಫೂರ್‌ಮಾನ್ ಎಣಿಕೆ. 1981ರಲ್ಲಿ ಬಂದ ಪೀಟರ್ ಶುಟ್ಜ್ 911ನ್ನು ಉಳಿಸಿಕೊಳ್ಳಲು ತೀರ್ಮಾನಿಸಿದರು. 928 ನಿಂತದ್ದು 1995ರಲ್ಲಿ, 911 ಇವತ್ತಿಗೂ ಬರುತ್ತಿದೆ. ಒಳಾಂಗಣದ ಲೆಕ್ಕದಲ್ಲಿ 928 ಮೇಲು, ಅನುಮಾನವೇ ಇಲ್ಲ. ಆದರೆ ಕೊಳ್ಳುವವರು ಕೂತು ನೋಡಿದ್ದು ಹೀಟರಿನ ಗುಂಡಿ ಎಲ್ಲಿದೆ ಎಂದಲ್ಲ. 911ರಲ್ಲಿ ಹಿಂದಿನ ತೂಕ ನೆಲವನ್ನು ಒತ್ತುವುದು ಸೊಂಟಕ್ಕೆ ಗೊತ್ತಾಗುತ್ತದೆ. ತಿರುವಿನ ನಡುವೆ ಆಕ್ಸಿಲರೇಟರಿನಿಂದ ಕಾಲು ತಟ್ಟನೆ ಎತ್ತಿದರೆ ಹಿಂಭಾಗ ಹೊರಕ್ಕೆ ಹೊರಳುತ್ತದೆ, ಮೆಲ್ಲಗೆ ಒತ್ತುತ್ತಲೇ ಇದ್ದರೆ ಬೇರೂರಿದ ಹಾಗೆ ನಿಲ್ಲುತ್ತದೆ. ಇದನ್ನು ಹತೋಟಿಯಲ್ಲಿಡಲು ಬೇಕಾದದ್ದು ನೆಲಕ್ಕೂರಿದ ಹಿಮ್ಮಡಿ, ನಡುವಿನ ಟ್ಯಾಕೋಮೀಟರು, ಕಣ್ಣೆದುರಿನ ಎರಡು ಮಡ್‌ಗಾರ್ಡು. ಆ ಮೂರನ್ನು ಕೆಡಿಸದೆ ಡ್ಯಾಶ್‌ಬೋರ್ಡ್ ಬದಲಿಸಲು ಹೊರಟಿದ್ದರೆ ಬಾಡಿಯನ್ನೇ ಬದಲಿಸಬೇಕಿತ್ತು. ಗಾಳಿ ತಂಪು ನಿಂತ ಮೇಲಿನ ಹೊಸ 911, ಅಂದರೆ 996, ಬಂದಾಗ ಹಾಗೇ ಮಾಡಿದರು. ಹೀಟರು ಸರಿಹೋಯಿತು. ಕ್ಲಚ್ಚು, ಬ್ರೇಕು ಮೇಲಿನಿಂದ ಜೋತುಬಿದ್ದವು.

ಮಾತು ಮುಗಿದ ಮೇಲೆ ಸಭೆಯಿಂದ ಬಂದ ಪ್ರಶ್ನೆಗಳಲ್ಲಿ ಎರಡನ್ನು ಇಲ್ಲಿ ಸೇರಿಸಿದೆ.

ಕಿಲೋಮೀಟರ್ ಮೀಟರ್ ನಿಂತ ಗಾಡಿಗಳೇ ಹೆಚ್ಚಾಗಿ ಮಾರಾಟಕ್ಕೆ ಬರುತ್ತವಲ್ಲ, ಅದು ಮೋಸವೇ?

ಕೆಲವು ಸಲ ಇರಬಹುದು, ಹಲವು ಸಲ ಅಲ್ಲ. ಒಳಗಿನ ಪುಟ್ಟ ಹಲ್ಲುಗಾಲಿ ಶಾಫ್ಟಿನ ಮೇಲೆ ಹಿಡಿತ ಬಿಟ್ಟು ಸುಮ್ಮನೆ ಜಾರುತ್ತದೆ. ಸ್ಪೀಡಿನ ಮುಳ್ಳು ಸರಿಯಾಗಿಯೇ ಆಡುತ್ತಿರುತ್ತದೆ, ಅಂಕಿ ಮಾತ್ರ ನಿಂತಿರುತ್ತದೆ. ಗಾಡಿ ಓಡುತ್ತಿರುವಾಗ ಟ್ರಿಪ್ ಮೀಟರನ್ನು ಸೊನ್ನೆ ಮಾಡುವುದು ಆ ಗಾಲಿಗೆ ಬೀಳುವ ದೊಡ್ಡ ಏಟು. ನಿಲ್ಲಿಸಿ ಒತ್ತಿ. ಕೊಳ್ಳುವಾಗ ಅಂಕಿ ಬಿಟ್ಟು ಸರ್ವಿಸ್ ಬಿಲ್ಲುಗಳ ದಿನಾಂಕ, ಪೆಡಲ್ಲಿನ ರಬ್ಬರು, ಚಾಲಕನ ಸೀಟಿನ ಬಾಗಿಲ ಕಡೆಯ ಅಂಚು ನೋಡಿ.

ಚಾವಿ ತೆಗೆದು ಬಾಗಿಲು ಹಾಕಿದ್ದರೂ ಬೆಳಿಗ್ಗೆ ಬ್ಯಾಟರಿ ಸತ್ತಿರುತ್ತದೆ. ಎಲ್ಲಿ ಹುಡುಕಬೇಕು?

ಎಲೆಕ್ಟ್ರಿಷಿಯನ್ನನ್ನು ಕರೆಯುವ ಮೊದಲು ಇಂಡಿಕೇಟರ್ ಕಡ್ಡಿ ನೋಡಿ. ಜರ್ಮನಿಯಲ್ಲಿ ಕತ್ತಲ ರಸ್ತೆಯ ಪಕ್ಕ ನಿಲ್ಲಿಸುವಾಗ ಟ್ರಾಫಿಕ್ಕಿನ ಕಡೆಯ ಪುಟ್ಟ ದೀಪವನ್ನಷ್ಟೇ ಉರಿಸುವ ಅನುಕೂಲ ಇರುತ್ತದೆ. ಚಾವಿ ಆಫ್ ಇದ್ದಾಗ ಕಡ್ಡಿ ಎಡಕ್ಕಿದ್ದರೆ ಎಡಬದಿಯ ದೀಪ, ಬಲಕ್ಕಿದ್ದರೆ ಬಲಬದಿಯದು ಹತ್ತಿಕೊಂಡಿರುತ್ತದೆ. ಮನೆಯ ಗೇಟಿಗೆ ತಿರುಗುವಾಗ ಹಾಕಿದ ಇಂಡಿಕೇಟರು ವಾಪಸು ಬರದೆ ಉಳಿದು, ನೀವು ಇಂಜಿನ್ನು ಆಫ್ ಮಾಡಿ ಒಳಗೆ ಹೋದಿರಿ ಅಂದರೆ ರಾತ್ರಿಯೆಲ್ಲ ಆ ದೀಪ ಉರಿಯುತ್ತದೆ. ಹಗಲಲ್ಲಿ ಕಣ್ಣಿಗೆ ಬೀಳುವುದೂ ಇಲ್ಲ. ಕಡ್ಡಿ ನಡುವಿಗೆ ತಂದು ಚಾರ್ಜಿಗೆ ಹಾಕಿ.